ಬ್ಯಾರನ್ನಿನಲ್ಲಿ ಬೆಂದ ಕಂಪ್ಯೂಟರ್

ಮೊನ್ನೆ ಮೊಮ್ಮಗಳ ನಾಮಕರಣಕ್ಕೆ ಒಂದು ಬ್ಯಾನರ್ ಬೇಕಾಗಿ ಹುಣಸೂರಿನ ಫ್ಲೆಕ್ಸ್ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಕಂಪ್ಯೂಟರ್ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಇವತ್ತಾಗಲ್ಲ ಕಣಣ್ಣ. ಸಬ್‌ಸ್ಕ್ರಿಪ್ಷನ್ ಮುಗುದೋಗೈತೆ. ಈ ತಿಂಗ್ಳಿಂದು ಕಟ್ಟೋಗಂಟ ನಾನೇ ಮಾಡಿರೋ ಡಿಸೈನ್ನ ನಂಗೇ ತೆಗೆಯಾಕ್ ಬುಡಲ್ಲ."

"ನಿನ್ ಮನೇಗೆ ನೀನೇ ಬಾಡಿಗೆ ಕಟ್ತಾ ಇದೀಯೇನ್ಲಾ?" ಅಂದೆ.

ಅವನು ನಗಲಿಲ್ಲ. ಅದೇ ಹೊತ್ತಿಗೆ ಹೊಗೆಸೊಪ್ಪಿನ ಮೂಟೆ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಅಂಗಡಿಯ ಮುಂದೆಯೇ ಹಾದು ಹೋಯಿತು. ಹದವಾಗಿ ಬೆಂದ ಎಲೆಯ ವಾಸನೆ ಗೊತ್ತಲ್ಲ, ಬೆಲ್ಲದ ಪಾಕಕ್ಕೆ ಒಂಚೂರು ಮೆಣಸಿನ ಘಾಟು ಸೇರಿಸಿದ ಹಾಗೆ, ಅದು ಒಳಗೆ ನುಗ್ಗಿತು. ಒಂದು ಕಡೆ ಆ ವಾಸನೆ, ಇನ್ನೊಂದು ಕಡೆ ಬೀಗ ಬಿದ್ದ ಕಂಪ್ಯೂಟರ್. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ, ಅವನು ತನ್ನನ್ನೇ ಹಂಗಿಸುತ್ತಿದ್ದೇನೆ ಅಂದುಕೊಂಡ. ನಾನು ನಕ್ಕಿದ್ದು ಎರಡು ಸಾವಿರದ ಆರರ ಆಷಾಢ ನೆನಪಾಗಿ.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಬೋರ್ಡ್ ಬರೆಯುವವನೂ ಇರಲಿಲ್ಲ, ನನ್ನಷ್ಟು ಚೆನ್ನಾಗಿ ಜನರನ್ನು ಬೇಸ್ತು ಬೀಳಿಸುವವನೂ ಇರಲಿಲ್ಲ. ಎರಡನ್ನೂ ಒಂದೇ ಬ್ರಷ್ಷಿನಲ್ಲಿ ಮಾಡಿದ್ದುಂಟು. ಹಂಪಾಪುರದ ಒಬ್ಬ ಹೋಟೆಲಿನವನು "ಏನಾದ್ರೂ ಜನ ಬರಂಗೆ ಬರಿಯಣ್ಣ" ಅಂದಿದ್ದಕ್ಕೆ, "ಇಲ್ಲಿ ಮಾಲೀಕರೂ ಊಟ ಮಾಡುತ್ತಾರೆ" ಅಂತ ಗೋಡೆ ತುಂಬ ಬರೆದು ಬಂದೆ. ಬಂದವರೆಲ್ಲ "ಎಲ್ಲಿ, ಉಣ್ಣಿ ನೋಡವ" ಅನ್ನತೊಡಗಿ, ಆ ಮನುಷ್ಯ ದಿನಾ ಮಧ್ಯಾಹ್ನ ಮುಂದಿನ ಮೇಜಿನಲ್ಲೇ ಕೂತು ಉಣ್ಣಬೇಕಾಯಿತು. ವ್ಯಾಪಾರ ಮಾತ್ರ ಜೋರಾಯಿತು. ಅದಕ್ಕೆ ಅವನು ನನಗೆ ಇವತ್ತಿಗೂ ಕೃತಜ್ಞತೆ ಹೇಳಿಲ್ಲ.

ಕಂಪ್ಯೂಟರ್ ಬಂದ ಮೇಲೆ ಬ್ರಷ್ ಒಣಗಿತು. ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಾನೊಂದು ಡಿ.ಟಿ.ಪಿ. ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು. ನನ್ನ ಹತ್ತಿರ ಬೋರ್ಡ್ ಬರೆಯುವುದನ್ನು ಕಲಿತಿದ್ದ ಪುಟ್ಟಸ್ವಾಮಿ ಪಿರಿಯಾಪಟ್ಟಣದಲ್ಲಿ ಅಂಥದ್ದೇ ಒಂದು ಅಂಗಡಿ ಹಾಕಿದ. ನನಗಿಂತ ಎಂಟು ವರ್ಷ ಚಿಕ್ಕವನು. ಸಾಧು. ಯಾರು ಏನು ಹೇಳಿದರೂ ನಂಬುತ್ತಿದ್ದ. ಅಂಥವನು ನನಗೆ ಶಿಷ್ಯನಾಗಿ ಸಿಕ್ಕಿದ್ದು ಅವನ ಗ್ರಹಚಾರ.

ನಾವು ಡಿಸೈನ್ ಮಾಡುತ್ತಿದ್ದ ಸಾಫ್ಟ್‌ವೇರ್ ನಮ್ಮದಾಗಿರಲಿಲ್ಲ. ಯಾರೋ ಮೈಸೂರಿನಿಂದ ತಂದ ಒಂದು ಸಿ.ಡಿ., ಮದುವೆಮನೆಯ ಜಮಖಾನದ ಹಾಗೆ ಅಂಗಡಿಯಿಂದ ಅಂಗಡಿಗೆ ಸುತ್ತಿತ್ತು. ಒಮ್ಮೆ ಟೈ ಕಟ್ಟಿಕೊಂಡ ಏಜೆಂಟ್ ಒಬ್ಬ ಬಂದು ಅಸಲಿದು ಕೊಂಡುಕೊಳ್ಳಿ ಅಂದ. ಬೆಲೆ ಕೇಳಿದರೆ, ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಎತ್ತು ಬರುತ್ತಿದ್ದವು. ಅಷ್ಟು ಕೊಟ್ಟರೂ ಮುಗಿಯುವುದಿಲ್ಲ, ವರ್ಷ ವರ್ಷ ಕಂದಾಯದ ಹಾಗೆ ಕಟ್ಟುತ್ತಿರಬೇಕಂತೆ. ಅವನಿಗೆ ಟೀ ಕುಡಿಸಿ ಕಳಿಸಿದೆವು. ಆದರೆ ಹೋಗುವಾಗ ಅವನು ಒಂದು ಮಾತು ಬಿಟ್ಟು ಹೋದ: "ಮೈಸೂರಲ್ಲಿ ರೈಡ್ ಶುರುವಾಗಿದೆ. ಕಂಪ್ಯೂಟರ್ನೇ ಹೊತ್ಕೊಂಡು ಹೋಗ್ತಾರೆ."

ಅವತ್ತಿನಿಂದ ನಮಗೆ ನೆಮ್ಮದಿ ಇಲ್ಲ. ಕೈಯಲ್ಲಿ ಬ್ಯಾಗ್ ಹಿಡಿದವನು ಯಾರೇ ಬಂದರೂ ಕೈ ತಾನಾಗಿ ಕಂಪ್ಯೂಟರಿನ ಸ್ವಿಚ್ಚಿಗೆ ಹೋಗುತ್ತಿತ್ತು. ನಾಲ್ಕು ತಾಲ್ಲೂಕಿನ ಯಾವ ಡಿ.ಟಿ.ಪಿ. ಅಂಗಡಿಗೆ ಹೋದರೂ ಮಾನಿಟರಿನ ಬೆನ್ನೇ ರಸ್ತೆಗೆ ಕಾಣುತ್ತಿತ್ತು. ಪರದೆಯ ಮೇಲೆ ಏನಿದೆ ಅಂತ ಗೋಡೆಗಷ್ಟೇ ಗೊತ್ತು. ನನ್ನದೂ ಹಾಗೆಯೇ.

ಆ ವರ್ಷದ ಆಷಾಢದಲ್ಲಿ ನನಗೆ ಕೈತುಂಬ ಬಿಡುವು. ಹೊರಗೆ ಜಿಟಿಜಿಟಿ ಮಳೆ. ಶ್ರಾವಣದ ಮದುವೆಗಳ ಲಗ್ನಪತ್ರಿಕೆ ನನ್ನ ಹತ್ತಿರ ಎರಡು ಬಂದಿದ್ದರೆ ಪುಟ್ಟಸ್ವಾಮಿ ಹತ್ತಿರ ಒಂಬತ್ತು ಬಂದಿದ್ದವು. ಹೊಟ್ಟೆಕಿಚ್ಚು ಅನ್ನಬೇಡಿ. ಗುರುವಿಗೆ ಎರಡು, ಶಿಷ್ಯನಿಗೆ ಒಂಬತ್ತು ಅಂದರೆ ಅದು ಲೋಕದ ಕ್ರಮವಲ್ಲ, ಅಷ್ಟೇ. ಒಂದು ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಒಂದು ರೂಪಾಯಿ ಫೋನ್ ಡಬ್ಬದ ಹತ್ತಿರ ಹೋದೆ. ಬಾಯಿಗೆ ಕರ್ಚೀಫ್ ಅಡ್ಡ ಇಟ್ಟುಕೊಂಡು ಅವನ ಅಂಗಡಿಗೆ ಫೋನ್ ಮಾಡಿದೆ.

"ನಾವು ಬೆಂಗಳೂರಿನಿಂದ ಮಾತಾಡುತ್ತಿದ್ದೇವೆ. ನಿಮ್ಮ ಗಣಕಯಂತ್ರದ ತಪಾಸಣೆ ಇದೆ. ಯಾವುದನ್ನೂ ಅಳಿಸತಕ್ಕದ್ದಲ್ಲ. ಸಾಯಂಕಾಲದೊಳಗೆ ತಂಡ ಬರುತ್ತದೆ."

ಮಧ್ಯದಲ್ಲಿ ಡಬ್ಬ ಕುಂಯ್ ಕುಂಯ್ ಅಂದಿದ್ದಕ್ಕೆ ಇನ್ನೊಂದು ನಾಣ್ಯ ಹಾಕಿ ಮಾತು ಮುಗಿಸಿದೆ. ಎಂಥ ಗಾಂಭೀರ್ಯ ಅಂತೀರಿ! ನನ್ನ ಧ್ವನಿಗೆ ನಾನೇ ಹೆದರಿದೆ. ಸಾಯಂಕಾಲ ಹೋಗಿ ಅವನ ಮುಖ ನೋಡಿ ನಕ್ಕು ಬಿಡುವುದು ಅಂತಿದ್ದೆ. ಅಷ್ಟರಲ್ಲಿ ಜೋರು ಮಳೆ ಹಿಡಿಯಿತು. ನಾಳೆ ಹೋದರಾಯಿತು ಅಂತ ಮನೆಗೆ ಹೋಗಿ ಕಡ್ಲೆಪುರಿ ತಿಂದೆ.

ಮಂಗಳವಾರ ಹೋದರೆ ಪುಟ್ಟಸ್ವಾಮಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಮೇಜಿನ ಮೇಲೆ ಮಾನಿಟರ್ ಇತ್ತು, ಕೆಳಗೆ ಸಿ.ಪಿ.ಯು. ಇರಲಿಲ್ಲ. ಎಲೆಯಡಿಕೆ ತಪ್ಪಿದವನ ಹಾಗೆ ಮುಖ ಬಾಡಿತ್ತು.

"ಯಾಕ್ಲಾ ಪುಟ್ಟ, ಎಲ್ಲಿ ನಿನ್ ಡಬ್ಬ?"

"ಬೇಯ್ತಾ ಐತೆ ಕಣಣ್ಣ" ಅಂದ.

ನಡೆದದ್ದು ಇಷ್ಟು. ಫೋನ್ ಬಂದ ಕೂಡಲೇ ಅವನು ಸಿ.ಪಿ.ಯು.ವನ್ನು ಗೋಣಿಚೀಲಕ್ಕೆ ತುಂಬಿದ್ದಾನೆ. ಸಾಕ್ಷಿ ಸಿಗಬಾರದು ಅಂತ, ಒಂಬತ್ತು ಮನೆಯವರು ಹೆಸರು ಬರೆದುಕೊಟ್ಟಿದ್ದ ಚೀಟಿಗಳನ್ನೂ ಅದೇ ಚೀಲಕ್ಕೆ ಹಾಕಿದ್ದಾನೆ. ಟಿ.ವಿ.ಎಸ್. ಮೇಲೆ ಹೇರಿಕೊಂಡು ಊರಾಚೆ ಮಾವ ಜವರಪ್ಪನ ಹೊಲಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಖಾಲಿ ಬಿದ್ದಿದೆ. ಒಳಗೆ ಗೋಡೆಯ ಗೂಡಿನಲ್ಲಿ ಚೀಲ ಇಟ್ಟು, ಯಾರಿಗೂ ಹೇಳದೆ ವಾಪಸ್ ಬಂದು, ಏನೂ ಅರಿಯದವನ ಹಾಗೆ ಅಂಗಡಿಯಲ್ಲಿ ಕೂತಿದ್ದಾನೆ. ಮಧ್ಯಾಹ್ನ ಜವರಪ್ಪ ಆಳುಗಳ ಜೊತೆ ಬಂದು, ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಸೂರಿನವರೆಗೆ ತುಂಬಿ, ಬಾಗಿಲು ಹಾಕಿ, ಒಲೆ ಹಚ್ಚಿಬಿಟ್ಟಿದ್ದಾನೆ.

ನಮ್ಮ ಕಡೆ ಬೆಂಕಿ ಹಾಕಿದ ಬ್ಯಾರನ್ನಿನ ಬಾಗಿಲು ತೆಗೆಯುವುದೆಂದರೆ ಬಾಣಂತಿ ಕೋಣೆಗೆ ಗಾಳಿ ಬಿಟ್ಟ ಹಾಗೆ. ಐದಾರು ದಿನ ಬಾಗಿಲು ಬಾಗಿಲೇ. ಆದರೂ ಇಬ್ಬರೂ ಹೋಗಿ ಕೈಮುಗಿದೆವು. ಜವರಪ್ಪ ಒಲೆಗೆ ಸೌದೆ ನೂಕುತ್ತ ತಲೆಯನ್ನೂ ಎತ್ತಲಿಲ್ಲ.

"ಎಲೆ ಈಗ ಹಳದಿಗೆ ತಿರುಗ್ತಾ ಐತೆ. ಬಾಗ್ಲು ತೆಗುದ್ರೆ ಕಪ್ಪಾಯ್ತದೆ. ನನ್ ಬ್ಯಾರನ್ನಲ್ಲಿ ನಿಮ್ಮ ಟಿ.ವಿ. ಇಡು ಅಂತ ಯಾರಪ್ಪಾ ಯೋಳ್ದೋರು?"

"ಟಿ.ವಿ. ಅಲ್ಲ ಮಾವ, ಕಂಪ್ಯೂಟ್ರು."

"ಏನಾರಾ ಆಗ್ಲಿ. ಬೇಯ್ಲಿ. ಶನಿವಾರ ಬಾ, ಎಲೆ ಜತೆ ಇಳಿಸ್ಕೊಡ್ತೀನಿ."

ಆಗಲೇ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ರೈಡೂ ಇಲ್ಲ, ಗೀಡೂ ಇಲ್ಲ, ನನ್ನ ಅಂಗಡಿಯಲ್ಲಿ ಬಂದು ಕೆಲಸ ಮಾಡು ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ ನನ್ನ ಬಾಯಿ ನನಗೆ ಕೈಕೊಟ್ಟಿದ್ದು. ವಾಪಸ್ ಬರುವ ದಾರಿಯಲ್ಲಿ ಪುಟ್ಟಸ್ವಾಮಿ ಗಾಡಿ ನಿಲ್ಲಿಸಿ, ಮಳೆಯಲ್ಲೇ ನಿಂತು ಹೇಳಿದ:

"ಒಂಬತ್ತು ಮನೆ ಅಣ್ಣ. ಮುಂದಿನ ಸೋಮವಾರ ಪತ್ರಿಕೆ ಕೊಡ್ತೀನಿ ಅಂತ ಮಾತು ಕೊಟ್ಟಿವ್ನಿ. ಕೊಡ್ನಿಲ್ಲ ಅಂದ್ರೆ ಈ ಊರಲ್ಲಿ ನಂಗೆ ಇನ್ನೊಂದು ಪತ್ರಿಕೆ ಯಾರು ಕೊಡ್ತಾರೆ? ಆದ್ರೆ ಆ ಕಳ್ ಸಿ.ಡಿ. ಮಾತ್ರ ಇನ್ಮೇಲೆ ನನ್ ಅಂಗಡಿ ವಸ್ಲು ದಾಟಂಗಿಲ್ಲ. ನಿಂತಾವ ಬಂದೂ ಮುಟ್ಟಲ್ಲ. ನಿನ್ನೆ ಪಟ್ಟ ದಿಗಿಲೇ ಸಾಕು. ಅಂಗಡಿ ಮುಚ್ಚಿ ಮಾವನ ಎಲೆ ಕಟ್ತೀನಿ."

ಅವನು ಎಲೆ ಕಟ್ಟುವುದೇ! ಆ ಕೈಯ ಅಕ್ಷರ ನಾನು ತಿದ್ದಿದ್ದು. ಜವರಪ್ಪನ ಬ್ಯಾರನ್ನಿಗಿಂತ ಹೆಚ್ಚಾಗಿ ನಾನು ಬೆಂದೆ.

ಆಗ ನೆನಪಾದವನು ಬೈಲಕುಪ್ಪೆಯ ತಾಶಿ. ಟಿಬೆಟಿನವನು, ಇಲ್ಲೇ ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿದವನು. ಚಳಿಗಾಲದಲ್ಲಿ ಹೊರ ಊರುಗಳಲ್ಲಿ ಸ್ವೆಟರ್ ಮಾರುತ್ತಿದ್ದ, ಮಿಕ್ಕ ದಿನ ಕ್ಯಾಂಪಿನಲ್ಲೊಂದು ಪುಟ್ಟ ಪ್ರೆಸ್ ನಡೆಸುತ್ತಿದ್ದ. ಮೈಸೂರಿನ ಒಂದೇ ಪೇಪರ್ ಅಂಗಡಿಯಲ್ಲಿ ಕಾಗದ ಕೊಳ್ಳುತ್ತ ನಮಗೆ ಪರಿಚಯ. ಅವನ ಹತ್ತಿರ ಯಾವುದೋ ಬೇರೆ ಸಾಫ್ಟ್‌ವೇರ್ ಇದೆ, ರೈಡ್ ಅಂದರೆ ಅವನು ನಗುತ್ತಾನೆ ಅಂತ ಕೇಳಿದ್ದೆ. ಬುಧವಾರ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹೋದೆ. ಅವನ ಮಾನಿಟರ್ ರಸ್ತೆಗೆ ಮುಖ ಮಾಡಿಕೊಂಡಿತ್ತು. ಮೊದಲು ಕಣ್ಣಿಗೆ ಬಿದ್ದಿದ್ದೇ ಅದು.

"ಬನ್ನಿ ಚಂದ್ರಣ್ಣ, ಕುಂತ್ಕಳಿ. ನೆಂದೋಗಿದೀರಿ, ಒಂದು ಸ್ವೆಟರ್ ಕೊಡ್ಲಾ? ಆಷಾಢದ ರೇಟು" ಅಂದ ತಾಶಿ.

ವಿಷಯ ಹೇಳಿದೆ. ಫೋನ್ ಮಾಡಿದ್ದು ಯಾರು ಅನ್ನುವ ಭಾಗ ಬಿಟ್ಟು. ಅವನು ಒಂದು ಡ್ರಾಯರ್ ಎಳೆದು ಎರಡು ಸಿ.ಡಿ. ತೆಗೆದ. ಒಂದರಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್. ಇನ್ನೊಂದರಲ್ಲಿ ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಫೋಟೋ ತಿದ್ದುವ ಗಿಂಪ್.

"ಎಷ್ಟು ಕೊಡ್ಲಿ?"

"ಏನೂ ಬ್ಯಾಡ."

"ವರ್ಷಕ್ಕೆಷ್ಟು?"

"ವರ್ಷಕ್ಕೂ ಬ್ಯಾಡ."

"ಆಮೇಲೆ ಯಾವತ್ತೋ ಬಂದು ಕೇಳ್ತಾರೆ, ಅಲ್ವಾ?"

"ಯಾರು ಕೇಳ್ತಾರೆ? ಮಾಡ್ದೋರೇ ತಗೋ ಅಂದವ್ರೆ. ಕಾಪಿ ಮಾಡು, ಇನ್ನೊಬ್ರಿಗೆ ಕೊಡು, ಒಳಗೆ ಬಿಚ್ಚಿ ನೋಡು, ನಿಂಗೆ ಬೇಕಾದಂಗೆ ತಿದ್ಕೊ ಅಂದವ್ರೆ. ನಮ್ಮ ಟಿಬೆಟನ್ ಅಕ್ಷರ ಯಾವ ಕಂಪನೀಗೂ ಬೇಕಾಗಿರ್ಲಿಲ್ಲ. ಇದ್ರಾಗೆ ನಮ್ಮೋರೇ ಸೇರ್ಕಂಡು ಸೇರಿಸ್ಕಂಡ್ರು."

ನಾನು ಅವನ ಮುಖವನ್ನೇ ನೋಡಿದೆ. ಜನರನ್ನು ಬೇಸ್ತು ಬೀಳಿಸುವವನಿಗೆ ಒಂದು ರೋಗ ಇರುತ್ತದೆ: ಯಾರು ಏನು ಕೊಟ್ಟರೂ ಹಿಂದೆ ದಾರ ಕಟ್ಟಿದೆಯೇ ಅಂತ ನೋಡುತ್ತಾನೆ. ಸಿ.ಡಿ.ಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ದಾರ ಇರಲಿಲ್ಲ.

"ಎದುರ್ಕಬ್ಯಾಡಿ, ಕಚ್ಚಲ್ಲ" ಅಂದ ತಾಶಿ. "ಒಸಿ ದಿನ ಕೈ ತಡಬಡಾಯಿಸ್ತದೆ, ಅಷ್ಟೇ. ನಾನೂ ಬತ್ತೀನಿ, ನಡೀರಿ."

ನನ್ನ ಅಂಗಡಿಯ ಮೂಲೆಯಲ್ಲಿ ನಾನು ಇಸ್ಪೀಟು ಆಡಲು ಇಟ್ಟುಕೊಂಡಿದ್ದ ಹಳೆಯ ಕಂಪ್ಯೂಟರ್ ಒಂದಿತ್ತು. ಅದನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದೆವು. ಇದ್ದದ್ದನ್ನೆಲ್ಲ ಅಳಿಸಿ ತಾಶಿ ತನ್ನ ಸಿ.ಡಿ. ಹಾಕಿದ. ಮೊದಲ ದಿನ ನರಕ. ನಮಗೆ ಬೇಕಾದ್ದು ಯಾವುದೂ ಇರಬೇಕಾದ ಜಾಗದಲ್ಲಿರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವನು ಪಕ್ಕದ ಮನೆಯ ಅಡಿಗೆಕೋಣೆಯಲ್ಲಿ ಉಪ್ಪು ಹುಡುಕಿದ ಹಾಗೆ. ಪುಟ್ಟಸ್ವಾಮಿ ಎರಡು ಸಲ ಮೌಸ್ ಎತ್ತಿ ಕುಕ್ಕಿದ. ಪ್ರಿಂಟರ್ ನಮ್ಮನ್ನು ಗುರುತೇ ಹಿಡಿಯಲಿಲ್ಲ, ತಾಶಿ ಅರ್ಧ ದಿನ ಅದನ್ನು ಪೂಸಿ ಹೊಡೆದ.

ಇತ್ತ ನನಗೆ ಬೇರೆ ಕೆಲಸ ಬಿತ್ತು. ಚೀಟಿಗಳು ಚೀಲದಲ್ಲಿ ಬೇಯುತ್ತಿದ್ದವಲ್ಲ, ಒಂಬತ್ತು ಮನೆಗೂ ಹೋಗಿ ಹೆಸರುಗಳನ್ನು ಮತ್ತೆ ಬರೆಸಿಕೊಂಡು ಬರಬೇಕು. ಕಳೆದುಹೋಯಿತು ಅಂದರೆ ಪುಟ್ಟಸ್ವಾಮಿಯ ಮರ್ಯಾದೆ ಹೋಗುತ್ತದೆ. ಇಂಥ ಕಡೆಯೇ ಪ್ರತಿಭೆ ಬೇಕಾಗುವುದು. ಮೊದಲ ಮನೆಯಲ್ಲೇ ಜಗಲಿಯ ಮೇಲೆ ಕೂತು ಶುರು ಮಾಡಿದೆ.

"ನಮ್ಮಲ್ಲಿ ಎರಡು ಸಲ ಬರೆಸೋ ಪದ್ಧತಿ ಕಣ್ರೀ ಯಜಮಾನ್ರೇ. ಮೊದಲ ಸಲ ಅವಸರದಲ್ಲಿ ಯಾರಾದ್ರೂ ಬಿಟ್ಟೋಗಿರ್ತಾರೆ. ಆಮೇಲೆ ಮದುವೇಲಿ ಮುನಿಸ್ಕತ್ತಾರೆ."

ಯಜಮಾನರು ಹೆಂಡತಿಯ ಮುಖ ನೋಡಿದರು. "ಅಯ್ಯೋ, ನಮ್ಮ ತಟ್ಟೆಕೆರೆ ಅಣ್ಣಯ್ಯನ ಎಸ್ರೇ ಬುಟ್ಟೋಗಿತ್ತಲ್ಲ! ಬರ್ಕಳಪ್ಪ, ಪುಣ್ಯಾತ್ಮ" ಅಂದರು ಆಯಮ್ಮ. ಸುಖಾಗಮನ ಬಯಸುವವರ ಪಟ್ಟಿಗೆ ಒಬ್ಬ ಅಣ್ಣಯ್ಯ, ಇಬ್ಬರು ಷಡ್ಡಕರು ಹೊಸದಾಗಿ ಸೇರಿದರು. ಒಂಬತ್ತು ಮನೆಯಲ್ಲೂ ಇದೇ ಕಥೆ. ಕಾಫಿ, ಚಕ್ಕುಲಿ, ಒಂದು ಮನೆಯಲ್ಲಿ ಬಾಡೂಟ. ಇಷ್ಟು ಜವಾಬ್ದಾರಿಯ ಅಂಗಡಿ ಇನ್ನೊಂದಿಲ್ಲ ಅಂತ ಪುಟ್ಟಸ್ವಾಮಿಯ ಕೀರ್ತಿ ಹೆಚ್ಚಿತು. ನನ್ನ ಸುಳ್ಳಿಗೆ ಬೆಲೆ ಕಟ್ಟುವವರು ಯಾರು?

ಆ ದಿನಗಳಲ್ಲಿ ಪುಟ್ಟಸ್ವಾಮಿ ನನ್ನನ್ನು ದುಡಿಸಿದ ಹಾಗೆ ಎತ್ತನ್ನೂ ಯಾರೂ ದುಡಿಸಲಾರರು. "ಅಣ್ಣ, ಒಸಿ ಟೀ ತತ್ತೀಯಾ?" "ಅಣ್ಣ, ಮೈಸೂರಿಗೋಗಿ ಖಾಲಿ ಕಾರ್ಡ್ ತತ್ತೀಯಾ?" "ಅಣ್ಣ, ಒಸಿ ಕಾಲ್ ತಗಿ, ಗುಡಿಸ್ಬೇಕು, ಬ್ಯಾಡ, ನೀನೇ ಗುಡ್ಸಿಬುಡು." ತಪ್ಪಿತಸ್ಥನಾಗಿದ್ದರಿಂದ ಎಲ್ಲ ಮಾಡಿದೆ. ಸಾಧು ಮನುಷ್ಯ ಇದ್ದಕ್ಕಿದ್ದಂತೆ ಇಷ್ಟು ಜೋರಾದದ್ದು ಯಾಕೆ ಅಂತ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಮೊದಲ ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಟ್ರೇಸಿಂಗ್ ಪೇಪರಿನ ಮೇಲೆ ಪ್ರಿಂಟಾಗಿ ಹೊರಬಂತು. ಮೂವರೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆವು. ಗಣಪತಿ ಇದ್ದ. ಬಾಳೆಕಂಬ ಇತ್ತು. ಅಕ್ಷರ ಕಡೆದು ಇಟ್ಟ ಹಾಗಿದ್ದವು. ಪುಟ್ಟಸ್ವಾಮಿ ಬಾಗಿಲ ಕಡೆ ಹೋಗಿ, ರಸ್ತೆ ನೋಡುತ್ತ, ಒಂದು ದೊಡ್ಡ ಉಸಿರು ಬಿಟ್ಟ. ಸೋಮವಾರದಿಂದ ಹಿಡಿದಿಟ್ಟಿದ್ದ ಉಸಿರು.

ಶನಿವಾರ ಬ್ಯಾರನ್ನು ತೆಗೆದರು. ಎಲೆ ಚಿನ್ನದ ಹಾಗೆ ಬಂದಿತ್ತು. ಗೂಡಿನಿಂದ ನಮ್ಮ ಸಿ.ಪಿ.ಯು. ಇಳಿಸಿದರೆ ಅದರ ಬಿಳಿ ಮುಖವೂ ಹಳದಿಯಾಗಿ, ಅಂಚು ಸುರುಟಿಕೊಂಡಿತ್ತು. ಜವರಪ್ಪ ಅದನ್ನು ಎತ್ತಿ ಮೂಸಿ ನೋಡಿ, "ಒಳ್ಳೇ ಬಣ್ಣ ಬಂದೈತೆ ಕಣಳಿಯ. ಅರಾಜಿಗೆ ಇಡ್ಲಾ? ಫಸ್ಟ್ ಗ್ರೇಡ್ ಓಯ್ತದೆ" ಅಂದ. ಅಂಗಡಿಗೆ ತಂದು ಕರೆಂಟು ಕೊಟ್ಟೆವು. ಒಂದು ಸಲ ಕೆಮ್ಮಿ ಸುಮ್ಮನಾಯಿತು. ಕದ್ದ ಸಾಫ್ಟ್‌ವೇರ್ ಸಮೇತ ಅದು ಹೋಯಿತು. ಯಾರೂ ಅಳಲಿಲ್ಲ. ಹೇಳಿದ ಸೋಮವಾರಕ್ಕೇ ಒಂಬತ್ತು ಮನೆಗೂ ಪತ್ರಿಕೆ ತಲುಪಿತು. ಶ್ರಾವಣದಲ್ಲಿ ಒಂಬತ್ತೂ ಮದುವೆಯಲ್ಲಿ ನಾನು ಉಂಡೆ.

ಇಷ್ಟೆಲ್ಲ ಕಂಡವನು ನಾನು ಕೂಡ ಅದೇ ಸಿ.ಡಿ. ಹಾಕಿಕೊಂಡೆ ಅಂದುಕೊಂಡಿರಾ? ಇಲ್ಲ. ಫೋನ್ ಮಾಡುವವನೇ ನಾನು, ನನಗ್ಯಾರು ಫೋನ್ ಮಾಡುತ್ತಾರೆ ಅನ್ನುವ ಧಿಮಾಕು. ಗೌರಿಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ ನನ್ನ ಅಂಗಡಿಯ ಫೋನ್ ಬಡಿದುಕೊಂಡಿತು. ಆ ಕಡೆ ಹಿಂದಿ. ಖಡಕ್ ಹಿಂದಿ. ನನಗೆ ಅರ್ಥವಾಗಿದ್ದು ನಾಲ್ಕೇ ಮಾತು: ದಿಲ್ಲಿ, ಚೆಕಿಂಗ್, ಹುಣಸೂರು, ಚಂದ್ರಣ್ಣ.

ಹೇಗೆ ಓಡಿದೆ ಅಂತ ನನಗೇ ಗೊತ್ತಿಲ್ಲ. ಎಚ್ಚರವಾದಾಗ ಲಕ್ಷ್ಮಣತೀರ್ಥದ ದಂಡೆಯಲ್ಲಿ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ, ತೊಡೆಯ ಮೇಲೆ ಗೋಣಿಚೀಲ ಇಟ್ಟುಕೊಂಡು ಕೂತಿದ್ದೆ. ಬಟ್ಟೆ ಹಿಂಡುತ್ತಿದ್ದ ಅಜ್ಜಿಯೊಬ್ಬರು ಕೇಳಿದರು:

"ಏನಪ್ಪಾ ಚೀಲ್ದಲ್ಲಿ, ಕೋಳಿಯಾ?"

"ಹೂಂ ಕಣಜ್ಜಿ."

"ಕೂಗ್ತಾನೇ ಇಲ್ವಲ್ಲ?"

"ಕಾವಿಗೆ ಕೂತದೆ."

"ವೈರು ಈಚೆಗ್ ಬಂದದೆ ನೋಡು, ನಿನ್ ಕೋಳೀದು" ಅಂದು ಅಜ್ಜಿ ಬಟ್ಟೆ ಕುಕ್ಕತೊಡಗಿದರು.

ಬಿಸಿಲು ನೆತ್ತಿಗೆ ಬಂತು. ದೂರದಲ್ಲಿ ಹಾರನ್ ಕೇಳಿದಾಗಲೆಲ್ಲ ಚೀಲವನ್ನು ಇನ್ನಷ್ಟು ತಬ್ಬಿಕೊಂಡೆ. ಆ ಸೋಮವಾರ ಪುಟ್ಟಸ್ವಾಮಿಗೆ ಇದೇ ಆಗಿತ್ತಲ್ಲ, ನಾನು ಕಡ್ಲೆಪುರಿ ತಿನ್ನುತ್ತಿದ್ದೆನಲ್ಲ ಅನ್ನಿಸಿತು. ಅಷ್ಟರಲ್ಲಿ ಸೇತುವೆಯ ಮೇಲೆ ಟಿ.ವಿ.ಎಸ್. ಸದ್ದು. ಪುಟ್ಟಸ್ವಾಮಿ, ಹಿಂದೆ ತಾಶಿ. ತಾಶಿ ಇಳಿಯುತ್ತಲೇ ಅದೇ ಖಡಕ್ ಹಿಂದಿಯಲ್ಲಿ, "ದಿಲ್ಲಿ, ಚೆಕಿಂಗ್" ಅಂದ. ಚಳಿಗಾಲವಿಡೀ ಸ್ವೆಟರ್ ಮಾರಿ ಕಲಿತ ಹಿಂದಿ!

ಪುಟ್ಟಸ್ವಾಮಿ ನನ್ನ ಕೈಗೆ ಏನೋ ಇಟ್ಟು ಮುಷ್ಟಿ ಮುಚ್ಚಿಸಿದ. ಬಿಡಿಸಿ ನೋಡಿದರೆ ಒಂದು ರೂಪಾಯಿ ನಾಣ್ಯ.

"ಬೆಂಗ್ಳೂರ್ ಸಾಯೇಬ್ರು ರೂಪಾಯಿ ಡಬ್ಬದಲ್ಲಿ ಫೋನ್ ಮಾಡ್ತಾರಾ ಅಣ್ಣ? ಮಧ್ಯದಲ್ಲಿ ಕಾಸು ಬಿದ್ದಿದ್ದು ಕೇಳಿಸ್ತು. ಇಂದ್ಗಡೆ ಕಂಡಕ್ಟ್ರು 'ಪಿರಿಯಾಪಟ್ಣ ಪಿರಿಯಾಪಟ್ಣ' ಅಂತ ಕೂಗ್ತಾ ಇದ್ದ. ಅವತ್ತು ದಿಗಿಲಲ್ಲಿ ಒಳೀನಿಲ್ಲ. ಗುರುವಾರ ಒಳೀತು."

"ಗುರುವಾರವೇ ಗೊತ್ತಿತ್ತೇನ್ಲಾ?"

"ಇಲ್ದಿದ್ರೆ ನಿನ್ ಕೈಲಿ ಕಸ ಗುಡಿಸ್ತಿದ್ನಾ?"

ನಾನು ಚೀಲ ಕೆಳಗಿಟ್ಟೆ. "ತಪ್ಪಾಯ್ತು ಕಣೋ ಪುಟ್ಟ" ಅಂದೆ. ಈ ಮಾತನ್ನು ನಾನು ಯಾರಿಗೂ ಹೇಳಿದವನಲ್ಲ, ಹಾಗಾಗಿ ಸರಿಯಾಗಿ ಹೇಳಲು ಬರಲಿಲ್ಲ. ಎರಡು ಸಲ ಹೇಳಬೇಕಾಯಿತು.

"ಬುಡತ್ತಗೆ" ಅಂದ ಅವನು. "ಆ ಫೋನ್ ಬರ್ದಿದ್ರೆ ನಾನಿನ್ನೂ ಎದುರ್ಕಂಡೇ ಕುಂತಿರ್ತಿದ್ದೆ. ಏಳು, ತಾಶಿ ಸಿ.ಡಿ. ತಂದವ್ನೆ."

ಆ ಮಧ್ಯಾಹ್ನ ನನ್ನ ಅಂಗಡಿಯ ಕಂಪ್ಯೂಟರಿನಿಂದ ಕದ್ದದ್ದೆಲ್ಲ ಹೋಯಿತು. ತಾಶಿ ಹೊಸದು ಹಾಕಿದ. ಪುಟ್ಟಸ್ವಾಮಿಯೂ ನಾನೂ ಸೇರಿ ಮೇಜಿನ ಎರಡು ಕಡೆ ಹಿಡಿದು ತಿರುಗಿಸಿದೆವು. ಎಷ್ಟೋ ವರ್ಷ ಗೋಡೆ ನೋಡುತ್ತಿದ್ದ ಪರದೆ ರಸ್ತೆ ನೋಡಿತು. ಬೆಳಕು ನೇರ ಅದರ ಮೇಲೆ ಬೀಳುತ್ತಿತ್ತು, ಕೆಲಸಕ್ಕೆ ಅನನುಕೂಲವೇ. ಇರಲಿ ಬಿಡು ಅಂದೆ. ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಇಳಿಸಿದ ಹಾಗಿತ್ತು.

ಇನ್ನೂ ಟೀ ಕುಡಿಯುತ್ತಿದ್ದೆವು. ಬಾಗಿಲಲ್ಲಿ ಒಬ್ಬ ಅಪರಿಚಿತ ನಿಂತ. ಇನ್‌ಶರ್ಟ್, ಕನ್ನಡಕ, ಕೈಯಲ್ಲಿ ದಪ್ಪ ಕಪ್ಪು ಬ್ಯಾಗ್. ಕೈ ಸ್ವಿಚ್ಚಿನ ಕಡೆ ಹೋಗಲೇ ಇಲ್ಲ. ಎದೆ ಸೆಟೆಸಿ ಎದ್ದು ನಿಂತೆ. "ಬನ್ನಿ ಸಾರ್, ಒಳಗೆ ಬನ್ನಿ, ಕೂತ್ಕೊಳ್ಳಿ, ಎಲ್ಲಾ ತೆಗೆದು ನೋಡಿ, ಎಷ್ಟೊತ್ತು ಬೇಕಾದ್ರೂ ನೋಡಿ" ಅಂತ ಪರದೆಯನ್ನು ಅವನ ಕಡೆಗೆ ಇನ್ನಷ್ಟು ವಾಲಿಸಿದೆ.

ಆತ ಬೆದರಿ ಒಂದು ಹೆಜ್ಜೆ ಹಿಂದೆ ಸರಿದು, "ಇಲ್ಲಿ ಜೆರಾಕ್ಸ್ ಮಾಡ್ತಾರಾ?" ಅಂದ.

ನೋಡಿ, ನನ್ನ ಅದೃಷ್ಟ. ಅಷ್ಟು ಧೈರ್ಯ ಬಂದಿದ್ದ ಒಂದೇ ಒಂದು ದಿನ, ಒಬ್ಬನೇ ಒಬ್ಬ ನಿಜವಾದ ಅಧಿಕಾರಿ ಬರಬಾರದಿತ್ತೇ!